ಇನ್ನೊಬ್ಬ ಬಳಕೆದಾರ

ಗುರುವಾರ ಸಂಜೆ ಆಫೀಸಿನಿಂದ ಬಂದವನು ಶೂ ಬಿಚ್ಚುವ ಮೊದಲೇ ಮೇಲ್ ತೆರೆದೆ. ತೆರೆಯಬಾರದಿತ್ತು, ಶುಕ್ರವಾರ ಶನಿವಾರದ ರಜೆ ಅಲ್ಲಿಗೇ ಮಣ್ಣುಪಾಲಾಯಿತು. ‘ತಿಥಿ’ ಎಂಬ ನನ್ನ ಪ್ಯಾಕೇಜನ್ನು ಕಟ್ಟಲು ಆಗುತ್ತಿಲ್ಲ, ತಿಂಗಳೊಳಗೆ ಸರಿಮಾಡದಿದ್ದರೆ ಮುಂದಿನ ಬಿಡುಗಡೆಯಿಂದ ಅದನ್ನು ತೆಗೆದುಹಾಕಲಾಗುವುದು ಎಂದು ಅದರಲ್ಲಿತ್ತು. ಬರೆದದ್ದು ಮನುಷ್ಯನೂ ಅಲ್ಲ, ಒಂದು ಯಂತ್ರ. ತಿರುಗಿ ಬೈದು ಬರೆಯೋಣವೆಂದರೆ ಓದುವವರೇ ಇಲ್ಲ.

ನಾನು ರೋಹಿದಾಸ. ಕುವೈತಿನ ಮಿರ್ಕಾಬಿನಲ್ಲಿ ಆಹಾರ ಸಾಮಾನು ತರಿಸುವ ಒಂದು ಕಂಪನಿಯ ಕಂಪ್ಯೂಟರಿನವನು. ಕಂಪ್ಯೂಟರಿನವನು ಎಂದರೆ ದೊಡ್ಡದೇನೂ ಊಹಿಸಬೇಡಿ. ಮ್ಯಾನೇಜರ್ ಪಾಸ್‌ವರ್ಡ್ ಮರೆತರೆ ಹೊಸದು ಕೊಡುವುದು, ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡರೆ ಎಳೆದು ತೆಗೆಯುವುದು, ಅದು ತಾನಾಗಿಯೇ ಸಿಕ್ಕಿಕೊಂಡಿತು ಎಂದು ಅವರು ಹೇಳಿದರೆ ನಂಬಿದಂತೆ ಮುಖ ಮಾಡುವುದು. ಇರುವುದು ಫರ್ವಾನಿಯಾದ ಒಂದು ಕೋಣೆಯಲ್ಲಿ. ಮೊದಲು ಜೊತೆಗೆ ನೈಜೆಲ್ ಇದ್ದ. ಅವನು ಮದುವೆಯಾಗಿ ಸಾಲ್ಮಿಯಾಕ್ಕೆ ಹೋದ. ಅವನ ಮಂಚ ಇನ್ನೂ ಇಲ್ಲೇ ಇದೆ, ಅದರ ಮೇಲೆ ಒಗೆದ ಬಟ್ಟೆ ಗುಡ್ಡೆ ಹಾಕುತ್ತೇನೆ. ನಾನೇಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಇಲ್ಲಿ ಹೇಳುವುದಿಲ್ಲ.

ಪ್ಯಾಕೇಜಿನ ವಿಷಯ ಮಾತ್ರ ಹೇಳಲೇಬೇಕು. ಲಿನಕ್ಸ್ ಎಂಬ ಪುಕ್ಕಟೆ ವ್ಯವಸ್ಥೆಯನ್ನು ಜನರಿಗೆ ಸಿದ್ಧಮಾಡಿ ಹಂಚುವ ಬಳಗಗಳಿವೆ. ಅಂಥ ಒಂದು ಬಳಗದಲ್ಲಿ ನಾನೂ ಇದ್ದೇನೆ. ಯಾರೋ ಎಲ್ಲೋ ಕೂತು ಪ್ರೋಗ್ರಾಂ ಬರೆಯುತ್ತಾರೆ. ನಮ್ಮಂಥವರು ಅದನ್ನು ಪೊಟ್ಟಣ ಕಟ್ಟಿ, ಮೇಲೆ ಚೀಟಿ ಅಂಟಿಸಿ, ಬಳಗದ ಭಂಡಾರದಲ್ಲಿ ಇಡುತ್ತೇವೆ. ಸಂಬಳ ಇಲ್ಲ. ಹೆಸರೂ ಇಲ್ಲ. ಬರೆದವನು ಅಥವಾ ಕಟ್ಟುವವನು ಕೈಬಿಟ್ಟ ಪ್ಯಾಕೇಜಿಗೆ ಇಲ್ಲಿ ‘ಅನಾಥ’ ಎನ್ನುತ್ತಾರೆ, ಅದನ್ನು ಇನ್ನೊಬ್ಬರು ವಹಿಸಿಕೊಂಡರೆ ‘ದತ್ತು’ ಎನ್ನುತ್ತಾರೆ. ತಮಾಷೆಗೆ ಅಲ್ಲ, ನಿಯಮದಲ್ಲೇ ಹಾಗೆ ಬರೆದಿದೆ. ‘ತಿಥಿ’ಯನ್ನು ನಾನು ದತ್ತು ತೆಗೆದುಕೊಂಡವನು.

ಅದು ಸಣ್ಣ ಪ್ರೋಗ್ರಾಂ. ಊರಿನ ಹೆಸರು ಒಮ್ಮೆ ಕೊಟ್ಟಿಟ್ಟರೆ ಕಂಪ್ಯೂಟರ್ ಹಚ್ಚಿದಾಗಲೆಲ್ಲ ಅಲ್ಲಿಯ ಸೂರ್ಯೋದಯ, ಅವತ್ತಿನ ತಿಥಿ, ಅಮಾವಾಸ್ಯೆಗೆ ಇನ್ನೆಷ್ಟು ದಿನ ಎಂಬುದನ್ನು ಒಂದು ಸಾಲು ಕನ್ನಡದಲ್ಲಿ ತೋರಿಸುತ್ತದೆ. ಅಷ್ಟೇ. ಮೊದಲು ನನಗೆ ಅದರ ಅಗತ್ಯವೇ ಇರಲಿಲ್ಲ. ಊರಿನಿಂದ ಆಶಾಲತಕ್ಕ ಫೋನ್ ಮಾಡುತ್ತಿದ್ದಳು. “ನಾಡಿದ್ದು ಅಮಾಸೆ ಮಾರಾಯ, ಮೀನು ಗೀನು ತಿಂದೀಯ ಮತ್ತೆ” ಎನ್ನುತ್ತಿದ್ದಳು. ಆಷಾಢದ ಆಟಿ ಅಮಾವಾಸ್ಯೆ ಬಂದರೆ ಪಾಲೆ ಮರದ ಕೆತ್ತೆಯ, ಎಂದರೆ ತೊಗಟೆಯ, ಕಷಾಯ ನನಗೆ ಕುಡಿಯಲಿಕ್ಕೆ ಸಿಗುವುದಿಲ್ಲವಲ್ಲ ಎಂದು ತಾನೇ ಬೇಸರಪಟ್ಟು, ಕಾಳುಮೆಣಸು ಬೆಳ್ಳುಳ್ಳಿ ಹಾಕಿ ಏನಾದರೂ ಕುದಿಸಿ ಕುಡಿ ಎಂದು ಅಪ್ಪಣೆ ಕೊಡುತ್ತಿದ್ದಳು. ಅಕ್ಕ ತೀರಿಕೊಂಡ ಮೇಲೆ ಒಂದು ಅಮಾವಾಸ್ಯೆ ನನಗೆ ಗೊತ್ತೇ ಆಗದೆ ದಾಟಿಹೋಯಿತು. ಅವತ್ತು ಮಧ್ಯಾಹ್ನ ಹೋಟೆಲಿನಲ್ಲಿ ಬಂಗುಡೆ ತಿಂದಿದ್ದೆ. ಮೀನು ತಿಂದದ್ದಕ್ಕೆ ದುಃಖವಾಗಲಿಲ್ಲ, ಇನ್ನು ಮುಂದೆ ಯಾರೂ ಹೇಳುವುದಿಲ್ಲ ಎಂಬುದಕ್ಕೆ ಆಯಿತು. ಭಂಡಾರದಲ್ಲಿ ಹುಡುಕಿದೆ, ಅನಾಥವಾಗಿ ಬಿದ್ದಿದ್ದ ‘ತಿಥಿ’ ಸಿಕ್ಕಿತು.

ಬಳಗದಲ್ಲಿ ಒಂದು ಪದ್ಧತಿ ಇದೆ. ಒಪ್ಪಿಕೊಂಡವರ ಯಂತ್ರಗಳು ವಾರಕ್ಕೊಮ್ಮೆ ತಮ್ಮಲ್ಲಿ ಯಾವ ಯಾವ ಪ್ಯಾಕೇಜುಗಳಿವೆ, ಯಾವುದು ಬಳಕೆಯಲ್ಲಿದೆ ಎಂದು ಹೆಸರು ಹೇಳದೆ ವರದಿ ಕಳಿಸುತ್ತವೆ. ಅದನ್ನು ಕೂಡಿಸಿ ಎಣಿಕೆ ಪ್ರಕಟಿಸುತ್ತಾರೆ. ಕೆಲವು ಪ್ಯಾಕೇಜುಗಳಿಗೆ ಲಕ್ಷ ಇರುತ್ತದೆ. ನನ್ನದಕ್ಕೆ ಎರಡು.

ಒಂದು ನಾನು. ಇನ್ನೊಂದು ಯಾರು?

ಇದನ್ನು ಹೇಳಿದರೆ ನೀವು ನಗಬಹುದು, ನಗಿ. ಆ ಇನ್ನೊಬ್ಬರ ಜೊತೆ ನಾನು ಕೆಲವು ವರ್ಷ ಬಾಳಿದ್ದೇನೆ. ಅವರು ಮಸ್ಕತ್ತಿನಲ್ಲಿರುವ ನಿವೃತ್ತ ಮಾಸ್ತರರು ಎಂದು ನನಗೆ ನಾನೇ ತೀರ್ಮಾನಿಸಿದ್ದೆ. ಮಗಳ ಮನೆಯಲ್ಲಿದ್ದಾರೆ, ಮೊಮ್ಮಕ್ಕಳು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸುತ್ತಾರೆ, ಬೆಳಿಗ್ಗೆ ಕನ್ನಡಕ ಹಾಕಿಕೊಂಡು ಅವತ್ತಿನ ತಿಥಿ ನೋಡಿ “ಹೂಂ” ಎನ್ನುತ್ತಾರೆ. ಅಕ್ಷರದ ಗಾತ್ರ ಬದಲಿಸಿದರೆ ಮಾಸ್ತರರಿಗೆ ಓದಲು ಕಷ್ಟವಾದೀತೇ ಎಂದು ಯೋಚಿಸುತ್ತಿದ್ದೆ. ಏಕಾದಶಿಯ ಲೆಕ್ಕದಲ್ಲಿ ಅವರೊಡನೆ ಜಗಳವೂ ಆಡಿದ್ದೇನೆ, ಎರಡೂ ಕಡೆಯ ಮಾತು ನಾನೇ ಆಡಿ. ಪ್ರತಿ ವಾರ ಎಣಿಕೆ ನೋಡುತ್ತಿದ್ದೆ. ಎರಡು ಇದ್ದರೆ, ಇದ್ದಾರಪ್ಪ ಎಂದು ಸಮಾಧಾನ.

ಹಾಗಾಗಿ ಗುರುವಾರದ ಮೇಲ್ ನನಗೆ ಬರಿಯ ಮೇಲ್ ಆಗಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೂತೆ. ಹೊರಗೆ ರಸ್ತೆಯಲ್ಲಿ ಒಂದು ನಾಯಿಯೂ ಇಲ್ಲ. ಬಿಸಿಲು ಏಳೂವರೆಗೇ ಕಣ್ಣಿಗೆ ಹೊಡೆಯುತ್ತಿತ್ತು. ಎ.ಸಿ. ಗೊರಗೊರ ಎನ್ನುತ್ತಿತ್ತು, ನಾನು ಒಂದು ಕೆಟಲ್ ಚಹಾ ಇಟ್ಟುಕೊಂಡೆ. ನನ್ನ ಯಂತ್ರದಲ್ಲಿ ‘ತಿಥಿ’ಯನ್ನು ಕಟ್ಟಿ ನೋಡಿದೆ. ಹೂವಿನ ಹಾಗೆ ಕಟ್ಟಿಕೊಂಡಿತು, ಎಲ್ಲ ಪರೀಕ್ಷೆಗಳೂ ಪಾಸು. ಬಳಗದ ಕಟ್ಟುವ ಯಂತ್ರದಲ್ಲಿ ಮಾತ್ರ ಮೂರನೇ ಪರೀಕ್ಷೆ ವಿಫಲ. ಇಲ್ಲಿ ಸರಿ, ಅಲ್ಲಿ ತಪ್ಪು.

ಇದನ್ನು ತಿಳಿಯಲು ಅಡುಗೆಮನೆಯನ್ನು ನೆನೆದರೆ ಸಾಕು. ಪ್ರತಿ ಪ್ಯಾಕೇಜಿನ ಜೊತೆಗೂ ಅದನ್ನು ಕಟ್ಟಲು ಏನೇನು ಬೇಕು ಎಂದು ಬರೆದುಕೊಡಬೇಕು. ಬಳಗದ ಯಂತ್ರ ಪ್ರತಿ ಸಲವೂ ಒಂದು ಖಾಲಿ ಅಡುಗೆಮನೆ ತೆರೆದು, ನಾವು ಬರೆದದ್ದನ್ನು ಮಾತ್ರ ತಂದಿಟ್ಟು ಒಲೆ ಹಚ್ಚುತ್ತದೆ. ನಮ್ಮ ಮನೆಯಲ್ಲಿ ಉಪ್ಪು ಯಾವಾಗಲೂ ಇರುತ್ತದೆ ಎಂದು ಉಪ್ಪನ್ನು ಬರೆಯಲು ಮರೆತರೆ, ಅಲ್ಲಿ ಸಾರು ಸಪ್ಪೆಯಾಗುತ್ತದೆ. ಈ ಕೆಲಸ ಮಾಡುವ ಪ್ರತಿಯೊಬ್ಬನೂ ಈ ತಪ್ಪು ಮಾಡಿರುತ್ತಾನೆ, ಮಾಡಿದವನಿಗೆ ಅದು ಮೊದಲ ಸಲಕ್ಕೆ ಹೊಳೆಯುವುದೇ ಇಲ್ಲ. ನನ್ನ ಮನೆಯಲ್ಲಿ ರುಚಿಯಾಗಿದೆಯಲ್ಲ, ಅವರ ನಾಲಿಗೆಯೇ ಸರಿಯಿಲ್ಲ ಎಂದುಕೊಳ್ಳುತ್ತಾನೆ.

ನಾನೂ ಹಾಗೆಯೇ ಎಂದುಕೊಂಡೆ. ಅದೇ ವಾರ ಸೂರ್ಯನ ಲೆಕ್ಕ ಹಾಕುವ ಒಂದು ಲೈಬ್ರರಿಯ ಹೊಸ ಆವೃತ್ತಿ ಭಂಡಾರಕ್ಕೆ ಬಂದಿತ್ತು, ‘ತಿಥಿ’ ಅದನ್ನು ನೆಚ್ಚಿಕೊಂಡಿದೆ. ಸಿಕ್ಕಿದ ಕಳ್ಳ ಎಂದು ಅದರ ಬೆನ್ನು ಹತ್ತಿದೆ. ಶುಕ್ರವಾರ ಹೋಯಿತು, ಶನಿವಾರ ಹೋಯಿತು, ಆ ಲೈಬ್ರರಿಯ ಹಳೆಯ ಆವೃತ್ತಿಗೂ ಹೊಸದಕ್ಕೂ ಏನು ವ್ಯತ್ಯಾಸ ಎಂದು ಸಾಲುಸಾಲಾಗಿ ಓದಿದೆ. ಕಡೆಗೆ ಅದನ್ನು ನೋಡಿಕೊಳ್ಳುವ ಫಿನ್ಲೆಂಡಿನವನಿಗೆ, ಹೊಸದು ಬಿಡುವ ಮೊದಲು ನೆಚ್ಚಿಕೊಂಡವರನ್ನು ಒಂದು ಮಾತು ಕೇಳಬಾರದೇ ಎಂದು ಖಾರವಾಗಿಯೇ ಬರೆದೆ. ಅವನು ಬಹಳ ಮರ್ಯಾದೆಯಿಂದ ಉತ್ತರಿಸಿದ. ನಿಮ್ಮ ಪರೀಕ್ಷೆಯಲ್ಲಿ ಕುವೈತಿನ ಸೂರ್ಯ ಎಷ್ಟು ಗಂಟೆಗೆ ಹುಟ್ಟುತ್ತಿದ್ದಾನೆ ಎಂದು ಒಮ್ಮೆ ಅಚ್ಚು ಮಾಡಿ ನೋಡಿ ಎಂದ.

ನೋಡಿದೆ. ಐದು ಗಂಟೆಗೆ ಹುಟ್ಟಬೇಕಾದ ಸೂರ್ಯ ಖಾಲಿ ಅಡುಗೆಮನೆಯಲ್ಲಿ ಎರಡಕ್ಕೇ ಹುಟ್ಟಿ ಕೂತಿದ್ದ. ಮೂರು ಗಂಟೆಯ ವ್ಯತ್ಯಾಸ. ಗ್ರೀನಿಚ್ಚಿಗೂ ಕುವೈತಿಗೂ ಅಷ್ಟೇ ದೂರ.

ಯಾವ ದೇಶದ ಗಡಿಯಾರ ಎಷ್ಟು ಮುಂದೆ, ಎಷ್ಟು ಹಿಂದೆ ಎಂಬ ಕೋಷ್ಟಕ ಒಂದು ಬೇರೆಯೇ ಪ್ಯಾಕೇಜು. ಅದು ಎಲ್ಲರ ಯಂತ್ರದಲ್ಲೂ ಇರುತ್ತದೆ. ಹಿಂದೆ ಬಳಗದ ಖಾಲಿ ಅಡುಗೆಮನೆಯಲ್ಲೂ ಇರುತ್ತಿತ್ತು, ಆಮೇಲೆ ಹೊರೆ ಇಳಿಸಬೇಕೆಂದು ತೆಗೆದುಬಿಟ್ಟರಂತೆ. ಕೋಷ್ಟಕ ಸಿಗದಿದ್ದರೆ ಪ್ರೋಗ್ರಾಂ ಗಲಾಟೆ ಮಾಡುವುದಿಲ್ಲ. ಕುವೈತ್ ಎಂಬ ಊರೇ ಗೊತ್ತಿಲ್ಲದಂತೆ, ಗ್ರೀನಿಚ್ಚಿನಲ್ಲೇ ಇದ್ದೇನೆ ಎಂದುಕೊಂಡು ಸುಮ್ಮನೆ ಕೆಲಸ ಮುಂದುವರಿಸುತ್ತದೆ. ಬೇಕಾದ ವಸ್ತುಗಳ ಸಾಲಿಗೆ ಒಂದು ಹೆಸರು ಸೇರಿಸಿದೆ. ಒಂದೇ ಹೆಸರು. ಕಟ್ಟಿಕೊಂಡಿತು. ಫಿನ್ಲೆಂಡಿನವನಿಗೆ ಕ್ಷಮಾಪಣೆ ಬರೆಯಲು ಮಾತ್ರ ಆ ಇಡೀ ತಿದ್ದುಪಡಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ತಿದ್ದಿದ್ದನ್ನು ಭಂಡಾರಕ್ಕೆ ಹಾಕುವ ಅಧಿಕಾರ ನನಗಿಲ್ಲ. ಬಳಗದ ಪೂರ್ಣ ಸದಸ್ಯರೊಬ್ಬರು ಪರಿಶೀಲಿಸಿ ಹಾಕಬೇಕು. ನನ್ನ ಕೆಲಸ ನೋಡಿಕೊಡುವವಳು ರಿಯೋನಾ, ನಮ್ಮೂರ ಕಡೆಯ ಕುಲಶೇಖರದ ಹುಡುಗಿ, ಈಗ ಐರ್ಲೆಂಡಿನಲ್ಲಿದ್ದಾಳೆ. ಮುಖ ನೋಡಿದ್ದಿಲ್ಲ. ನನ್ನನ್ನು ಅಂಕಲ್ ಎನ್ನುತ್ತಾಳೆ. ಮೊದಲ ಮೇಲಿನಿಂದಲೇ ಅಂಕಲ್, ವಯಸ್ಸು ಎಷ್ಟು ಎಂದು ಕೇಳುವ ಸೌಜನ್ಯವೂ ಇಲ್ಲದೆ.

“ಅಂಕಲ್, ತಿದ್ದಿದ್ದು ಚೆನ್ನಾಗಿದೆ” ಎಂದು ಬರೆದಳು. “ಆದರೆ ಒಂದು ವಿಷಯ ಕೇಳಬೇಕು, ಬೇಸರ ಮಾಡಬೇಡಿ. ಬಿಡುಗಡೆ ತಂಡದವರು ಈ ಸಲ ಬಳಕೆಯಿಲ್ಲದ್ದನ್ನೆಲ್ಲ ಗುಡಿಸುತ್ತಿದ್ದಾರೆ. ನಿಮ್ಮದಕ್ಕೆ ಎಣಿಕೆ ಎರಡು. ಒಬ್ಬರು ನೀವು. ಇನ್ನೊಬ್ಬರು ಯಾರು? ಅವರಿಂದ ಒಂದು ಸಾಲು ಬರೆಸಿ, ನನಗೆ ಇದು ಬೇಕು ಅಂತ. ಅಷ್ಟಿದ್ದರೆ ನಾನು ಜಗಳ ಮಾಡಿ ಉಳಿಸ್ತೇನೆ. ಇಲ್ಲದಿದ್ದರೆ ಒಬ್ಬರಿಗೋಸ್ಕರ ಇಡಿ ಅಂತ ಕೇಳ್ಲಿಕ್ಕೆ ನನಗೆ ಬಾಯಿ ಬರುವುದಿಲ್ಲ.”

ಬೇಸರ ಮಾಡಬೇಡಿ ಎಂದವರು ಬೇಸರ ಮಾಡದೆ ಬಿಟ್ಟದ್ದುಂಟೇ? ಆದರೆ ಅವಳು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಬಳಗದ ಪಟ್ಟಿಗೆ, ಕನ್ನಡದ ಗುಂಪುಗಳಿಗೆ, ಗಲ್ಫಿನ ತುಳುವರ ಮೂರು ವಾಟ್ಸಾಪ್ ಗುಂಪುಗಳಿಗೆ ಬರೆದೆ. ‘ತಿಥಿ ಎಂಬ ಪ್ರೋಗ್ರಾಂ ಬಳಸುವವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.’ ಒಬ್ಬ ಕೈಮುಗಿಯುವ ಚಿತ್ರ ಹಾಕಿದ. ಇನ್ನೊಬ್ಬ ಯಾರ ತಿಥಿ ಎಂದು ಕೇಳಿ, ಸಂತಾಪವನ್ನೂ ಸೂಚಿಸಿದ. ನೈಜೆಲ್‌ಗೆ ಫೋನ್ ಮಾಡಿದೆ. ಅವನು ಮಗುವಿಗೆ ಊಟ ಮಾಡಿಸುತ್ತಿದ್ದ. “ಮೊಬೈಲಲ್ಲಿ ಎಲ್ಲ ಬರ್ತದಲ್ಲ ರೋಹಿ, ನಿಂಗೆಂತ ಮಂಡೆಬೆಚ್ಚ?” ಎಂದ.

ಮೊಬೈಲಿನಲ್ಲಿ ಎಲ್ಲ ಬರುತ್ತದೆ, ನನಗೂ ಗೊತ್ತು. ಒತ್ತಿದ ಕೂಡಲೇ ರಾಶಿಭವಿಷ್ಯ ಬರುತ್ತದೆ, ಚಿನ್ನದ ದರ ಬರುತ್ತದೆ, ಉಂಗುರದ ಜಾಹೀರಾತು ಬರುತ್ತದೆ. ಅಮಾವಾಸ್ಯೆಯೂ ಬರುತ್ತದೆ, ಊರಿನ ಸೂರ್ಯೋದಯಕ್ಕೆ ಲೆಕ್ಕ ಹಾಕಿದ್ದು. ಇಲ್ಲಿ ಸೂರ್ಯ ಹುಟ್ಟುವಾಗ ಊರಿನಲ್ಲಿ ದೋಸೆ ಹೊಯ್ದು ಮುಗಿದಿರುತ್ತದೆ. ಅಷ್ಟು ಹೊತ್ತಿಗೆ ತಿಥಿಯೇ ಬದಲಾಗಿರಬಹುದು. ನಾನಿರುವ ಊರಿನ ಸೂರ್ಯನನ್ನು ನೋಡಿ ಹೇಳುವುದು ಇದೊಂದೇ. ಇದನ್ನೆಲ್ಲ ನೈಜೆಲ್‌ಗೆ ಹೇಳಲಿಲ್ಲ. ಅವನ ಮಗು ಅಳುತ್ತಿತ್ತು.

ಮಸ್ಕತ್ತಿನ ಮಾಸ್ತರರು ಬರೆಯಲಿಲ್ಲ. ದಿನಾ ನೋಡಿದೆ. ಇಷ್ಟು ವರ್ಷ ನನ್ನ ಪ್ರೋಗ್ರಾಂ ಬಳಸಿಯೂ ಒಂದು ಸಾಲು ಬರೆಯಲಾಗದ ಮನುಷ್ಯ ಎಂದು ಅವರ ಮೇಲೆ ಸಿಟ್ಟು ಬಂತು. ಬಸ್ಸಿನಲ್ಲಿ ನಿಂತು ಮನಸ್ಸಿನಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡೆ. ಆಮೇಲೆ ಅವರಿಗೆ ಹುಷಾರಿಲ್ಲವೇನೋ ಎಂದು ಹೆದರಿಕೆಯಾಯಿತು.

ಈ ನಡುವೆ ಕಂಪನಿಯಲ್ಲಿ ಹೊಸ ಹುಕುಂ ಬಂತು. ಸಬ್ಹಾನಿನ ಗೋದಾಮನ್ನು ಮುಚ್ಚಿ ಬೇರೆ ಕಡೆಗೆ ಸೇರಿಸುತ್ತಾರೆ, ಅಲ್ಲಿಯ ಹಳೆಯ ಕಂಪ್ಯೂಟರ್ ಅಳಿಸಿ ಗುಜರಿಗೆ ಹಾಕಬೇಕು. ಮಂಗಳವಾರ ಕಂಪನಿಯ ವ್ಯಾನಿನಲ್ಲಿ ಹೋದೆ. ಗೋದಾಮು ಅರ್ಧ ಖಾಲಿಯಾಗಿತ್ತು. ಅಕ್ಕಿಮೂಟೆಗಳಿದ್ದ ಜಾಗದಲ್ಲಿ ನೆಲ ಬೆಳ್ಳಗೆ ಕಾಣುತ್ತಿತ್ತು. ಸ್ಟೋರ್‌ಕೀಪರ್ ಅಬ್ದುಲ್ ಸಲಾಂ ಒಂದು ರಟ್ಟಿನ ಪೆಟ್ಟಿಗೆಗೆ ತನ್ನ ಸಾಮಾನು ತುಂಬುತ್ತಿದ್ದರು. ಲೋಟ, ಚಪ್ಪಲಿ, ಒಂದು ಪ್ರಾರ್ಥನೆಯ ಚಾಪೆ. ಬಂಟ್ವಾಳ ಕಡೆಯ ಬ್ಯಾರಿಗಳು, ನನಗಿಂತ ಹಿರಿಯರು. ಪ್ರಿಂಟರ್ ಕೆಟ್ಟಾಗಲೆಲ್ಲ ನಮ್ಮ ಭೇಟಿ. ಬಂದಾಗಲೆಲ್ಲ ಊಟ ಮಾಡಿ ಹೋಗಿ ಎನ್ನುತ್ತಿದ್ದರು, ನಾನು ವ್ಯಾನು ಕಾಯುತ್ತಿದೆ ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚಿನ ಸಂಗತಿ ನಮ್ಮಿಬ್ಬರ ನಡುವೆ ಇರಲಿಲ್ಲ.

“ಇದು ಖಲಾಸಾ ಹಾಗಾದ್ರೆ?” ಎಂದು ಕಂಪ್ಯೂಟರ್ ಕಡೆ ನೋಡಿ ಕೇಳಿದರು.

“ಖಲಾಸ್” ಎಂದೆ. “ಅದರಲ್ಲಿ ನಿಮ್ದೇನಾದ್ರೂ ಉಂಟಾ?”

“ನಂದೆಂತ ಉಂಟು ಅದ್ರಲ್ಲಿ.”

ಕಂಪ್ಯೂಟರ್ ಅವತ್ತು ಬೆಳಿಗ್ಗೆಯಿಂದ ಹಚ್ಚಿರಲಿಲ್ಲ. ಹಚ್ಚಿದೆ. ನಾನು ಬಂದಾಗಲೆಲ್ಲ ಅದರ ಪರದೆಯ ಮೇಲೆ ಸ್ಟಾಕಿನ ಪುಟ ತೆರೆದೇ ಇರುತ್ತಿತ್ತು. ಮೊದಲಿನಿಂದ ತೆರೆದುಕೊಳ್ಳುವುದನ್ನು ನಾನು ನೋಡಿರಲೇ ಇಲ್ಲ. ತೆರೆಯಿತು. ಕಪ್ಪು ಚೌಕದಲ್ಲಿ ಒಂದು ಸಾಲು ಕನ್ನಡ ಮೂಡಿತು. ‘ಕುವೈತ್. ಸೂರ್ಯೋದಯ 5.02. ಕೃಷ್ಣ ದಶಮಿ. ಅಮಾವಾಸ್ಯೆಗೆ ಐದು ದಿನ.’

ನೋಡಿದ ಕೂಡಲೇ ಗೊತ್ತಾಯಿತು. ಈ ಯಂತ್ರವನ್ನು ಹೊಸದಾಗಿ ಸಿದ್ಧಮಾಡಿದವನು ನಾನೇ. ಯಾವ ಯಾವ ಪ್ಯಾಕೇಜು ಹಾಕಬೇಕೆಂದು ಯೋಚಿಸುವ ಸೋಮಾರಿತನಕ್ಕೆ, ಮನೆಯ ನನ್ನ ಯಂತ್ರದಲ್ಲಿ ಏನೇನಿತ್ತೋ ಅಷ್ಟನ್ನೂ ಇದಕ್ಕೂ ಹಾಕು ಎಂದು ಆಜ್ಞೆ ಕೊಟ್ಟು ಚಹಾ ಕುಡಿಯಲು ಹೋಗಿದ್ದೆ. ಊರಿನ ಹೆಸರೂ ಎಣಿಕೆಗೆ ಒಪ್ಪಿಗೆಯೂ ಅದರ ಜೊತೆಗೇ ಬಂದಿದ್ದವು. ಮಸ್ಕತ್ತಿನಲ್ಲಿ ಯಾವ ಮಾಸ್ತರರೂ ಇರಲಿಲ್ಲ. ಮಗಳಿಲ್ಲ, ಮೊಮ್ಮಕ್ಕಳಿಲ್ಲ, ಕನ್ನಡಕ ಇಲ್ಲ. ಎರಡೂ ನಾನೇ. ಇಷ್ಟು ವರ್ಷ ವಾರಕ್ಕೊಮ್ಮೆ ನನ್ನನ್ನೇ ನಾನು ಎರಡು ಸಲ ಎಣಿಸಿ ಸಮಾಧಾನಪಟ್ಟುಕೊಂಡಿದ್ದೆ.

ಯಾರೂ ಸತ್ತಿರಲಿಲ್ಲ, ಆದರೂ ಸತ್ತ ಮನೆಗೆ ಬಂದವನ ಹಾಗೆ ಕೂತಿದ್ದೆ. ಅಳಿಸುವ ಆಜ್ಞೆ ಟೈಪ್ ಮಾಡಲು ಕೈ ಇಟ್ಟೆ.

“ಒಂದು ನಿಮಿಷ ರೋಹಿದಾಸಣ್ಣ” ಎಂದು ಸಲಾಂ ಭಾಯಿ ಹಿಂದಿನಿಂದ ಬಗ್ಗಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. “ಇವತ್ತಿಂದು ನೋಡ್ಲಿಲ್ಲ ನಾನು. ಐದು ದಿನ ಉಂಟಲ್ಲ. ಸರಿ.”

“ಏನು ಸರಿ?”

“ಅಮಾವಾಸ್ಯೆ. ಅದಾಗಿ ಮಾರನೇ ದಿನವೋ ನಾಡಿದ್ದೋ ಚಾಂದ್ ಕಾಣ್ಬೇಕಲ್ಲ. ತಿಂಗಳು ಯಾವಾಗ ಹಿಡೀತದೆ ಅಂತ ಲೇಬರ್ ಕ್ಯಾಂಪಿನಲ್ಲಿ ಎಲ್ಲರೂ ನನ್ನನ್ನೇ ಕೇಳುದು. ನಾನು ಇದು ನೋಡಿ ಅಂದಾಜು ಹೇಳುದು.” ನಕ್ಕರು. “ಸರಕಾರ ಹೇಳಿದ್ದೇ ಫೈನಲ್, ಅದು ಬೇರೆ. ಆದ್ರೂ ಜನಕ್ಕೆ ಮೊದ್ಲೇ ಗೊತ್ತಾಗ್ಬೇಕು.”

“ದಿನಾ ನೋಡ್ತೀರಾ?”

“ದಿನಾ. ಬೆಳಿಗ್ಗೆ ಬಂದು ಮೊದ್ಲು ಇದೇ. ನಾನು ಏಳನೇವರೆಗೆ ಕನ್ನಡ ಶಾಲೆಯಲ್ಲಿ ಓದಿದವ. ಇಲ್ಲಿ ಎಲ್ಲ ಅರಬಿ, ಇಂಗ್ಲಿಷು. ಕನ್ನಡ ಅಂತ ಕಣ್ಣಿಗೆ ಬೀಳುದು ಇದೊಂದೇ ಸಾಲು. ಇದು ಯಾರು ಮಾಡಿದ್ದು ಅಂತ ಗೊತ್ತುಂಟಾ ನಿಮ್ಗೆ?”

ನಾನು ಮಾಡಿದ್ದಲ್ಲ, ಪುಣೆಯವನೊಬ್ಬ ಮಾಡಿದ್ದು, ನಾನು ನೋಡಿಕೊಳ್ಳುತ್ತೇನೆ ಎಂದೆ. ಅವರು ನನ್ನನ್ನು ಹೊಸಬರನ್ನು ನೋಡುವ ಹಾಗೆ ನೋಡಿದರು. ಅವತ್ತು ವ್ಯಾನಿನವನಿಗೆ ನೀನು ಹೋಗಪ್ಪ ಎಂದೆ. ಸಲಾಂ ಭಾಯಿಯ ಜೊತೆ ಅಲ್ಲೇ ಹಲಗೆಯ ಮೇಲೆ ಕೂತು, ಅವರ ಟಿಫಿನ್ನಿನಿಂದ ಅಕ್ಕಿರೊಟ್ಟಿ ಮತ್ತು ಕೋಳಿ ಗಸಿ ತಿಂದೆ. ರಿಯೋನಾ ಕೇಳಿದ್ದನ್ನೂ ಹೇಳಿದೆ. ಅಡುಗೆಮನೆ, ಉಪ್ಪು, ಎಣಿಕೆ, ಎಲ್ಲ. ಅವರಿಗೆ ಅರ್ಥವಾಗುತ್ತದೋ ಇಲ್ಲವೋ ಎಂದು ನೋಡದೆ ಹೇಳುತ್ತಾ ಹೋದೆ. ಇದನ್ನೆಲ್ಲ ನಾನು ಬಾಯಿಬಿಟ್ಟು ಒಬ್ಬ ಮನುಷ್ಯನಿಗೆ ಹೇಳಿದ್ದು ಅದೇ ಮೊದಲು. ನನ್ನ ದನಿ ನನಗೇ ಜೋರಾಗಿ ಕೇಳಿಸಿತು.

“ಅಂದ್ರೆ ನಾನು ಒಂದು ಸಾಲು ಬರೆದ್ರೆ ಇದು ಉಳೀತದೆ?”

“ಉಳೀಬಹುದು. ನನಗೆ ಇದು ಬೇಕು, ದಿನಾ ಬಳಸ್ತೇನೆ ಅಂತ ಬರೀರಿ ಸಾಕು.”

ಅವರು ಕೈತೊಳೆದು ಬಂದು ಮೊಬೈಲ್ ತೆಗೆದರು. ಕನ್ನಡದ ಕೀಲಿಗಳನ್ನು ಹುಡುಕಿ ಹುಡುಕಿ ಒಂದು ಬೆರಳಿನಿಂದ ಒತ್ತಲು ಶುರುಮಾಡಿದರು. ಒಂದಿಷ್ಟು ಒತ್ತಿ ನಿಂತರು.

“ದಿನಾ ಬಳಸ್ತೇನೆ ಅಂತ ಬರೆದ್ರೆ ಸುಳ್ಳಾಗ್ತದಲ್ಲ” ಎಂದರು. “ಗುರುವಾರ ನಾನು ಹೋಗ್ತೇನೆ. ಇಕಾಮಾ ಈ ತಿಂಗಳಿಗೆ ಮುಗೀತು. ಇನ್ನು ಬರುದಿಲ್ಲ.”

ಇಕಾಮಾ ಎಂದರೆ ಇಲ್ಲಿ ಇರಲು ಕೊಡುವ ಪರವಾನಗಿ. ಪೆಟ್ಟಿಗೆಗೆ ತುಂಬುತ್ತಿದ್ದದ್ದನ್ನು ನೋಡಿಯೂ, ಹೊಸ ಗೋದಾಮಿಗೆ ಹೋಗುತ್ತಾರೆ ಎಂದುಕೊಂಡಿದ್ದೆ. ಕೇಳಿರಲಿಲ್ಲ.

“ಊರಲ್ಲಿ ಬೇಕಾಗ್ತದಲ್ಲ ನಿಮ್ಗೆ” ಎಂದೆ. “ಒಂದು ಹಳೇ ಲ್ಯಾಪ್‌ಟಾಪ್ ಉಂಟು ನನ್ನ ಹತ್ರ. ಹಾಕಿ ಕೊಡ್ತೇನೆ.” ನನ್ನ ಮಾತಿನಲ್ಲಿ ಎಷ್ಟು ಆಸೆ ಇತ್ತು ಎಂದು ನೆನೆದರೆ ಈಗಲೂ ಮೈ ಹಿಡಿಯಾಗುತ್ತದೆ.

“ಬೇಡ ಮಾರಾಯ್ರೆ” ಎಂದರು ಸಲಾಂ ಭಾಯಿ, ಬಹಳ ಮೆತ್ತಗೆ. “ಊರಲ್ಲಿ ಇದೆಂತಕ್ಕೆ? ಅಲ್ಲಿ ಚಾಂದ್ ನೋಡುವವರು ಬೇಕಾದಷ್ಟು ಜನ ಉಂಟು. ಅಂಗಳಕ್ಕೆ ಬಂದು ಕೂಗಿ ಹೇಳಿ ಹೋಗ್ತಾರೆ. ನೆರೆಯವರ ಅಮಾವಾಸ್ಯೆ ನನ್ನ ಹೆಂಡತಿಗೇ ಗೊತ್ತಿರ್ತದೆ. ಕೇಳಿದ್ರೆ ಹೇಳುವವರು ಉಂಟಲ್ಲ ಅಲ್ಲಿ.”

ಅವರು ನನ್ನನ್ನು ನೋಯಿಸಲು ಹೇಳಿದ್ದಲ್ಲ. ಊರಿನ ಖುಷಿಯಲ್ಲಿ ಇದ್ದದ್ದನ್ನು ಹೇಳಿದರು. ನಾನು ತಲೆಯಾಡಿಸಿದೆ. ಅವರು ಮತ್ತೆ ಬೆರಳು ಊರಿ ಬರೆದು, ಬರೆದದ್ದನ್ನು ನನಗೆ ತೋರಿಸಿ ಸರಿಯಾ ಎಂದು ಕೇಳಿ, ನಾನು ಕೊಟ್ಟ ವಿಳಾಸಕ್ಕೆ ಕಳಿಸಿದರು. ಆಮೇಲೆ ನಾನು ಯಂತ್ರವನ್ನು ಅಳಿಸಿದೆ. ಕಪ್ಪು ಚೌಕ ಹೋಯಿತು. ಇಬ್ಬರೂ ಸೇರಿ ಅದನ್ನು ಹೊರಗೆ ಗುಜರಿಯ ರಾಶಿಗೆ ಇಟ್ಟು ಬಂದೆವು.

ಗುರುವಾರ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಅಲ್ಲಿ ಅವರ ಕ್ಯಾಂಪಿನ ಹುಡುಗರೇ ಬಹಳ ಜನ ಇದ್ದರು, ಎಲ್ಲರಿಗೂ ಅವರನ್ನು ಅಪ್ಪಿಕೊಳ್ಳಬೇಕಿತ್ತು. ನನ್ನ ಸರದಿ ಬಂದಾಗ ಊರಿಗೆ ಬಂದರೆ ಬನ್ನಿ ಎಂದರು. ಬರ್ತೇನೆ ಎಂದೆ. ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಂದ ಫರ್ವಾನಿಯಾ ಹತ್ತಿರವೇ, ಬಸ್ಸು ಹಿಡಿದು ಬಂದೆ.

ಬಂದಾಗ ರಿಯೋನಾಳ ಮೇಲ್ ಇತ್ತು. ಸಲಾಂ ಭಾಯಿ ಬರೆದದ್ದು ಬಳಗದ ಪುಟದಲ್ಲಿ, ಇಂಗ್ಲಿಷಿನ ನೂರಾರು ದೂರುಗಳ ನಡುವೆ, ಕನ್ನಡದಲ್ಲೇ ಪ್ರಕಟವಾಗಿತ್ತು. ‘ನಾನು ಅಬ್ದುಲ್ ಸಲಾಂ. ಕುವೈತಿನಲ್ಲಿ ಸ್ಟೋರ್‌ಕೀಪರ್. ಇದನ್ನು ದಿನಾ ಓದುತ್ತಿದ್ದೆ. ಒಂದು ದಿನವೂ ತಪ್ಪು ಹೇಳಲಿಲ್ಲ. ಈಗ ಊರಿಗೆ ಹೋಗುತ್ತೇನೆ, ಇನ್ನು ನನಗೆ ಬೇಡ. ಮಾಡಿದವರಿಗೆ ದೇವರು ಒಳ್ಳೆಯದು ಮಾಡಲಿ.’

“ಅಂಕಲ್, ಎರಡು ಸಲ ಓದಿದೆ” ಎಂದು ರಿಯೋನಾ ಬರೆದಿದ್ದಳು. “ಕಣ್ಣು ತುಂಬಿತು. ಆದರೆ ಇವರಿಗೆ ಇನ್ನು ಬೇಡವಂತೆ. ಹಾಗಾದರೆ ಯಾರಿಗೆ ಬೇಕು? ಅದೊಂದನ್ನು ಆ ಪತ್ರದ ಕೆಳಗೆ ನೀವೇ ಬರೆಯಿರಿ. ಇವತ್ತೇ ಬರೆಯಿರಿ, ನಾಳೆ ಈ ಬಿಡುಗಡೆಯ ಪಟ್ಟಿಗೆ ಬಾಗಿಲು ಹಾಕುತ್ತಾರೆ. ಸುಳ್ಳು ಮಾತ್ರ ಬೇಡ.”

ಲ್ಯಾಪ್‌ಟಾಪ್ ಎದುರು ಕೂತೆ. ಮೊದಲು ಭಾಷೆಯ ಬಗ್ಗೆ ಬರೆದೆ. ಕನ್ನಡದಲ್ಲಿ ಉತ್ತರಿಸುವ ಪ್ರೋಗ್ರಾಂಗಳೇ ಕಡಿಮೆ, ಇರುವುದನ್ನು ಉಳಿಸಿಕೊಳ್ಳಬೇಕು ಎಂದು. ಓದಿದರೆ ರಾಜ್ಯೋತ್ಸವದ ಭಾಷಣದ ಹಾಗಿತ್ತು, ಅಳಿಸಿದೆ. ಪರದೇಶದಲ್ಲಿರುವ ನಮ್ಮವರಿಗೆಲ್ಲ ಉಪಯೋಗ ಎಂದು ಬರೆದೆ. ನಮ್ಮವರೆಲ್ಲ ಮೊಬೈಲ್ ನೋಡುತ್ತಾರೆ, ಅದನ್ನೂ ಅಳಿಸಿದೆ. ಮುಂದೆ ಯಾರಿಗಾದರೂ ಬೇಕಾದೀತು ಎಂದು ಬರೆದೆ. ಆ ಯಾರಾದರೂ ಎಂಬುವನನ್ನು ನಾನು ಮಸ್ಕತ್ತಿನಲ್ಲಿ ಸಾಕಷ್ಟು ವರ್ಷ ಸಾಕಿದ್ದಾಗಿತ್ತು. ಅದೂ ಹೋಯಿತು. ಕೆಳಗಿನ ಬಕಾಲಾ ಅಂಗಡಿಯ ಮುಂದೆ ಯಾರೋ ಜೋರಾಗಿ ನಗುತ್ತಿದ್ದರು, ನಾಲ್ಕೈದು ಜನ ಇದ್ದಿರಬೇಕು.

ಕೊನೆಗೆ ಬರೆದದ್ದು ಇಷ್ಟು. ‘ಒಬ್ಬ ಬಳಕೆದಾರ ಇದ್ದಾನೆ, ಫರ್ವಾನಿಯಾದಲ್ಲಿ. ಪ್ಯಾಕೇಜು ನೋಡಿಕೊಳ್ಳುವವನೂ ಅವನೇ. ಕೇಳಿದರೆ ಹೇಳುವವರು ಅವನಿಗೆ ಬೇರೆ ಯಾರೂ ಇಲ್ಲ.’

ಓದಿ ನೋಡಿದೆ. ಜಗತ್ತೆಲ್ಲ ಓದುವ ಜಾಗದಲ್ಲಿ ಇಂಥದ್ದನ್ನು ಬರೆಯುತ್ತಾರೆಯೇ ಎಂದು ನಾಚಿಕೆಯಾಯಿತು. ಅಳಿಸೋಣವೆಂದು ಕೈ ಇಟ್ಟೆ. ಆದರೆ ಇದಕ್ಕಿಂತ ನಿಜವಾದ ಕಾರಣ ನನ್ನಲ್ಲಿ ಇರಲಿಲ್ಲ. ಕಳಿಸಿದೆ.